ಗಂಡನ ಮನೆಯ ಶುಗರ್

ಸಿಂಧನೂರು ಕಡೆಯ ಹಳ್ಳಿಗಳಲ್ಲಿ ಒಂದು ವರ್ಷ ರಕ್ತದ ಸ್ಯಾಂಪಲ್ ತೆಗೆಯುವ ಕೆಲಸ ಮಾಡಿದ್ದೇನೆ. ಶುಗರ್ ಮನೆತನದಲ್ಲಿ ಹೇಗೆ ಇಳಿದು ಬರುತ್ತದೆ, ಯಾವ ಜೀನ್‌ನಲ್ಲಿ ಅದರ ಸುಳಿವಿದೆ ಅಂತ ಹುಡುಕುವ ಅಧ್ಯಯನ. ಸೂಜಿ ಚುಚ್ಚೋದು ನನಗೆ ಚೆನ್ನಾಗಿ ಬರುತ್ತಿತ್ತು. ಪ್ರಶ್ನೆ ಕೇಳೋದು ಬರುತ್ತಿರಲಿಲ್ಲ.

ಫಾರಂನಲ್ಲಿ ಒಂದು ಸಾಲಿತ್ತು: ‘ನಿಮ್ಮ ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ?’ ಒಬ್ಬ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, ‘ನಮ್ಮ ಮಾವಗ ಐತ್ರಿ. ಮೈದುನಗ ಈಗ ಬಂದೈತಿ’ ಅಂದರು. ಬರೆದುಕೊಂಡೆ. ಹೀಗೆ 40 ಫಾರಂ ತುಂಬಿದ ಮೇಲೆ ವಂಶದ ನಕ್ಷೆ ಬಿಡಿಸಲು ಕೂತೆ. ಗಂಡಸಿಗೆ ಚೌಕ, ಹೆಂಗಸಿಗೆ ಸುತ್ತು, ಕಾಯಿಲೆ ಇದ್ದವರಿಗೆ ಒಳಗೆಲ್ಲ ಕಪ್ಪು. ಆಗ ಹೊಳೆಯಿತು. ಮದುವೆಯಾದ ಹೆಂಗಸಿಗೆ ‘ನಿಮ್ಮ ಮನೆ’ ಅಂದರೆ ಗಂಡನ ಮನೆ! ಮಾವನ ಜೀನ್ ಸೊಸೆಗೆ ಎಲ್ಲಿಂದ ಬರಬೇಕು? ಹೆಂಗಸರ ಅಷ್ಟೂ ಫಾರಂ ಹಿಡಿದು ಮತ್ತೆ ಊರೂರು ತಿರುಗಿದೆ.

ಈ ಸಲ ‘ತವರುಮನ್ಯಾಗ ಯಾರಿಗೈತವ್ವಾ?’ ಅಂತ ಕೇಳಿದೆ. ಅದೇ ಅಕ್ಕ ನಕ್ಕರು. ‘ಎರಡೂ ಒಂದ ಮನಿರಿ. ನಮ್ಮ ಮಾವ ಅಂದ್ರ ನಮ್ಮವ್ವನ ಖಾಸ ಅಣ್ಣ.’

ಸೋದರಮಾವನೂ ಮಾವ, ಗಂಡನ ಅಪ್ಪನೂ ಮಾವ. ನಮ್ಮ ಮಾತಿನಲ್ಲೇ ಅದು ಇದೆ, ನನಗೆ ಹೊಳೆದಿರಲಿಲ್ಲ ಅಷ್ಟೇ. ಸೋದರಮಾವ ಅಂದರೆ ಸುಮಾರು ಕಾಲು ಭಾಗ ಜೀನ್ ಹೊಂದುತ್ತದೆ. ನಕ್ಷೆಯಲ್ಲಿ ಗಂಡ-ಹೆಂಡತಿ ನಡುವೆ ಜೋಡಿ ಗೆರೆ ಎಳೆದೆ. ಸೋದರಿಕೆ ಮದುವೆಗೆ ಅದೇ ಗುರುತು. ಕೆಲವು ಊರಿನ ಹಾಳೆಗಳ ತುಂಬ ಜೋಡಿ ಗೆರೆಯೇ.

ಇದು ಸಣ್ಣ ವಿಷಯ ಅಲ್ಲ. ಕಾಯಿಲೆ ಇದ್ದವರನ್ನೂ ಇಲ್ಲದವರನ್ನೂ ಹೋಲಿಸುವಾಗ ಅವರಲ್ಲಿ ಅರ್ಧ ಜನ ಒಂದೇ ಬಳ್ಳಿಯವರಾದರೆ, ನೆಂಟಸ್ತನದ ಹೋಲಿಕೆಯೇ ಕಾಯಿಲೆಯ ಗುರುತಿನಂತೆ ಕಾಣುತ್ತದೆ. ಅದಕ್ಕೇ ಆಮೇಲೆ ಒಂದು ಬಳಗಕ್ಕೆ ಒಬ್ಬರನ್ನೇ ತೆಗೆದುಕೊಂಡೆವು. ‘ಶುಗರ್ ಇಲ್ಲ’ ಅನ್ನುವವರ ಮಾತನ್ನೂ ಸುಮ್ನೆ ಒಪ್ಪಲಿಲ್ಲ. ಎಷ್ಟೋ ಜನ ಒಮ್ಮೆಯೂ ಪರೀಕ್ಷೆ ಮಾಡಿಸಿರಲಿಲ್ಲ. 50 ದಾಟಿದವರನ್ನೇ ಆರಿಸಿ, ಖಾಲಿ ಹೊಟ್ಟೆಯಲ್ಲಿ ರಕ್ತ ನೋಡಿ ಸೇರಿಸಿದೆವು. 30ರ ಹುಡುಗ ಇವತ್ತು ಚೆನ್ನಾಗಿರಬಹುದು, ನಾಳೆ ಅವನಿಗೂ ಬರಬಹುದಲ್ವಾ?

ಎಲ್ಲರೂ ಕೇಳುತ್ತಿದ್ದದ್ದು ಒಂದೇ: ‘ನನ್ನ ಮಗಗ ಬರ್ತೈತೇನ್ರಿ?’ 2006ರಲ್ಲಿ ಐಸ್‌ಲ್ಯಾಂಡ್‌ನ ಸಂಶೋಧಕರು ಗುರುತಿಸಿದ ಟಿಸಿಎಫ್7ಎಲ್2 ಜೀನ್ ಶುಗರ್ ವಿಷಯದಲ್ಲಿ ಜಾಸ್ತಿ ಪ್ರಭಾವದ್ದು. ಅದರ ಅಪಾಯದ ರೂಪ ಒಂದು ಪ್ರತಿ ಇದ್ದರೂ ಅಪಾಯ ಸುಮಾರು 1.4 ಪಟ್ಟು, ಅಷ್ಟೇ. ಉಳಿದ ನೂರಾರು ಜೀನ್ ಗುರುತುಗಳದ್ದು ಇನ್ನೂ ಕಡಿಮೆ ಪಾಲು. ಅಷ್ಟರಿಂದ ಮಗನ ಹಣೆಬರಹ ಓದಲು ಆಗುವುದಿಲ್ಲ, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಅಂತ ಹೇಳುತ್ತಿದ್ದೆ.

ಆ ಅಕ್ಕ ಇನ್ನೊಂದು ಕೇಳಿದರು. ‘ಮಗಳನ್ನ ನಮ್ಮಣ್ಣನ ಮಗಗ ಕೊಡಬೇಕಂತೀವಿ. ಶುಗರ್ ಆಗ್ತೈತೇನು?’ ಶುಗರ್‌ಗಿಂತ ಥಲಸ್ಸೀಮಿಯಾದಂಥವಕ್ಕೆ ಹೆದರಬೇಕು ಅಂದೆ. ಅಪ್ಪ-ಅವ್ವ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಗುವಿಗೆ ಬರುವ ಕಾಯಿಲೆ ಅದು, ಮೊದಲು ಇಬ್ಬರದೂ ರಕ್ತ ಪರೀಕ್ಷೆ ಮಾಡಿಸಿ ಅಂದೆ.

‘ಹುಡುಗಗ ಹೆಂಗ ಹೇಳೂದ್ರಿ ಇದನ್ನ?’ ಅಂದರು. ‘ನೀವ ಹೇಳ್ರಿ. ಸೋಮವಾರ ಸಂತಿಗೆ ಬರ್ತಾನ.’