‘ಪ್ರಚೋದಿಸಿದ ಮೇಷ್ಟ್ರಿಗೆ ವಂದನೆ’ ಅಂತ ಬರೀಬೇಡಿ: ಮುಂದಕ್ಕೆ ತಳ್ಳೋ ಮಾತನ್ನ ಆರಿಸೋದು ಹೇಗೆ?

ನಮ್ಮೂರ ಹೈಸ್ಕೂಲಿನ ಹೆಡ್ ಮೇಷ್ಟ್ರು ರಿಟೈರ್ ಆದಾಗ ಬಿನ್ನವತ್ತಳೆ ಬರೆಯೋ ಕೆಲ್ಸ ನನ್ನ ತಲೆಗೆ ಕಟ್ಟಿದ್ರು, ನಾನೂ ಜೋಶಲ್ಲಿ ‘ಮಕ್ಕಳನ್ನು ಸದಾ ಪ್ರಚೋದಿಸುತ್ತಿದ್ದ ತಮಗೆ’ ಅಂತ ಬರ್ದು, ಫ್ರೇಮ್ ಹಾಕ್ಸಿ, ಸ್ಟೇಜ್ ಮೇಲೆ ಗಟ್ಟಿಯಾಗಿ ಓದಿಯೂ ಬಿಟ್ಟೆ. ಮುಂದಿನ ಸಾಲಲ್ಲಿ ಕೂತಿದ್ದ ಕನ್ನಡ ಮೇಡಂ ಸೆರಗು ಬಾಯಿಗೆ ಒತ್ಕೊಂಡ್ರು. ಆಮೇಲೆ ಕಾಫಿ ಕುಡೀವಾಗ ‘ಏನಪ್ಪಾ, ಸಾರ್ ಮಕ್ಕಳ ಕೈಲಿ ಯಾವ ಗಲಾಟೆ ಮಾಡ್ಸಿದ್ರು?’ ಅಂದ್ರು. ಆ ಫ್ರೇಮ್ ಈಗ್ಲೂ ಮೇಷ್ಟ್ರ ಮನೆ ಹಾಲ್‌ನಲ್ಲಿದೆ, ನಾನು ಹೋದಾಗೆಲ್ಲ ಆ ಗೋಡೆಗೆ ಬೆನ್ನು ಹಾಕಿ ಕೂರ್ತೀನಿ.

ಡಿಕ್ಷನರಿ ತೆಗೆದ್ರೆ ಹುರಿದುಂಬಿಸು, ಪ್ರೇರೇಪಿಸು, ಉತ್ತೇಜಿಸು, ಪ್ರಚೋದಿಸು ಎಲ್ಲಾ ಒಂದೇ ಸಾಲಲ್ಲಿ ಅಣ್ಣತಮ್ಮಂದಿರ ಥರ ನಿಂತಿರ್ತವೆ, ಎಡವಟ್ಟು ಅಲ್ಲೇ ಆಗೋದು. ಹಾಗಾಗಿ ಪದ ಹುಡುಕೋಕೆ ಮೊದ್ಲು ಒಂದು ಪ್ರಶ್ನೆ ಕೇಳ್ಕೊಳ್ಳಿ: ತಳ್ಳಿಸ್ಕೊಂಡೋನು ಹೋಗಿ ಬೀಳೋದು ಎಲ್ಲಿಗೆ? ಎಷ್ಟು ಜೋರಾಗಿ ತಳ್ಳಿದ್ರು ಅನ್ನೋದಲ್ಲ. ಒಂದು ವಾಕ್ಯ ಇಟ್ಕೊಂಡು ನೋಡೋಣ, ‘ಅಣ್ಣ ತಮ್ಮನನ್ನ ಪಂಚಾಯ್ತಿ ಎಲೆಕ್ಷನ್‌ಗೆ ನಿಲ್ಲಿಸ್ದ’. ‘ಹುರಿದುಂಬಿಸಿ’ ನಿಲ್ಲಿಸ್ದ ಅಂದ್ರೆ ತಮ್ಮಂಗೆ ಆಸೆ ಇತ್ತು, ಧೈರ್ಯ ಸಾಲ್ತಿರ್ಲಿಲ್ಲ. ‘ಒತ್ತಾಯ ಮಾಡಿ’ ಅಂದ್ರೆ ತಮ್ಮಂಗೆ ಇಷ್ಟಾನೇ ಇರ್ಲಿಲ್ಲ. ‘ಪುಸಲಾಯಿಸಿ’ ಅಂದ್ರೆ ತಮ್ಮ ಅಮಾಯಕ, ಗೆದ್ರೆ ಲಾಭ ಅಣ್ಣಂದು. ‘ದುಂಬಾಲು ಬಿದ್ದು’ ಅಂದ್ರೆ ಅಣ್ಣ ವಾರಗಟ್ಟಲೆ ಬೆನ್ನು ಬಿಡದೆ ಬೇಡ್ಕೊಂಡಿದಾನೆ. ಇನ್ನು ‘ಎತ್ತಿಕಟ್ಟಿ’ ಅಂದ್ರೋ, ಎದುರಿಗೆ ನಿಂತಿರೋನು ಬಹುಶಃ ಸ್ವಂತ ಚಿಕ್ಕಪ್ಪ. ಒಂದೇ ಪದ ಬದಲಾಗಿದ್ದು, ಮನೆತನದ ಕಥೆಯೇ ಬೇರೆ ಆಯ್ತು ನೋಡಿ.

ನನ್ನ ಪ್ರಚೋದಿಸು ವಿಷಯಕ್ಕೆ ಬರ್ತೀನಿ. ಗಾಯತ್ರಿ ಮಂತ್ರ ಮುಗಿಯೋದೇ ‘ಪ್ರಚೋದಯಾತ್’ ಅಂತ, ನಮ್ಮ ಬುದ್ಧಿಯನ್ನ ಒಳ್ಳೇ ದಾರೀಲಿ ನಡೆಸ್ಲಿ ಅನ್ನೋ ಪ್ರಾರ್ಥನೆ ಅದು, ಮೇಡಂಗೆ ಅವತ್ತೇ ಹಾಗಂತ ವಾದ ಮಾಡ್ಬಹುದಿತ್ತು, ಹೊಳೀಲಿಲ್ಲ. ಹೊಳೆದಿದ್ರೂ ನಾನು ಗೆಲ್ತಿರ್ಲಿಲ್ಲ ಬಿಡಿ. ಇವತ್ತಿನ ಕನ್ನಡದಲ್ಲಿ ಆ ಪದ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿ ಆಗಿದೆ. ಪ್ರಚೋದನಕಾರಿ ಭಾಷಣ, ಆತ್ಮಹತ್ಯೆಗೆ ಪ್ರಚೋದನೆ (ಮೊದ್ಲು ಐಪಿಸಿ 306, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ 108) ಹೀಗೆ. ಕಾನೂನಿನ ಕನ್ನಡದಲ್ಲಿ ಇದಕ್ಕೆ ದುಷ್ಪ್ರೇರಣೆ ಅಂತಲೂ ಅಂತಾರೆ, ಒಳ್ಳೇ ಪ್ರೇರಣೆಗೆ ಮುಂದೆ ಒಂದು ‘ದುಷ್’ ಅಂಟಿಸಿದ್ರೆ ಮುಗೀತು.

ಕುಮ್ಮಕ್ಕಿನ ಕಥೆನೂ ಹೀಗೇ. ‘ಕುಮಕ್’ ಅಂದ್ರೆ ಪಾರ್ಸಿ, ಹಿಂದುಸ್ತಾನಿ ಕಡೆ ಸಹಾಯ, ಕಾಳಗದಲ್ಲಿ ಹಿಂದಿಂದ ಬರೋ ಹೆಚ್ಚುವರಿ ಸೈನ್ಯ. ಕಾಡಾನೆ ಹಿಡಿಯೋಕೆ ಹೋಗೋ ಕುಮ್ಕಿ ಆನೆಯ ಹೆಸರೂ ಇದೇ ಬೇರಿಂದ ಬಂದಿದ್ದು. ಸಕ್ರೆಬೈಲು, ದುಬಾರೆ ಕ್ಯಾಂಪಿನ ಆನೆಗಳು ಪುಂಡಾನೆಗೆ ಎರಡೂ ಕಡೆ ಹೆಗಲು ಕೊಟ್ಟು, ಹಿಂದಿಂದ ಹಣೆ ಒತ್ತಿ ಲಾರಿ ಹತ್ತಿಸೋ ವಿಡಿಯೋ ನೋಡಿರ್ತೀರಲ್ಲ, ಮುಂದಕ್ಕೆ ತಳ್ಳೋದು ಅಂದ್ರೆ ಇದಕ್ಕಿಂತ ಅಕ್ಷರಶಃ ಇನ್ನೇನು ಬೇಕು. ಆನೆ ಮರ್ಯಾದೆ ಉಳಿಸ್ಕೊಂಡಿದೆ, ಕುಮ್ಮಕ್ಕು ಮಾತ್ರ ‘ಮರಳು ದಂಧೆಗೆ ಕುಮ್ಮಕ್ಕು’ ಅಂತ ಪೇಪರಲ್ಲಿ ಹೆಸರು ಕೆಡಿಸ್ಕೊಂಡು ಓಡಾಡ್ತಿದೆ.

ಹುರಿದುಂಬಿಸು ಅನ್ನೋದನ್ನ ‘ಹುರಿದು, ಉಂಬಿಸು’ ಅಂತ ಬಿಡಿಸಿ ಕಡ್ಲೆಕಾಯಿ ಹುರಿದು ತಿನ್ಸೋದು ಅಂದ್ಕೊಂಡೋರನ್ನ ನೋಡಿದೀನಿ. ಅದು ಹುರಿ ಮತ್ತು ತುಂಬಿಸು, ಆದೇಶ ಸಂಧಿಯಲ್ಲಿ ತಕಾರ ದಕಾರ ಆಗಿದೆ ಅಷ್ಟೇ. ಹುರಿ ಅಂದ್ರೆ ಹಗ್ಗ ಹೊಸೆದಾಗ ಬರೋ ಬಿಗಿ, ಹುರಿಗಟ್ಟಿದ ಮೈ ಅಂತೀವಲ್ಲ, ಎಲೆಕ್ಷನ್ ಹುರಿಯಾಳು ಅಂತೀವಲ್ಲ, ಅದೇ. ಸಡಿಲ ಆಗಿರೋನಿಗೆ ಆ ಬಿಗಿ ತುಂಬೋದು. ಮೇಷ್ಟ್ರಿಗೆ ನಾನು ಬರೀಬೇಕಿದ್ದಿದ್ದು ಇದನ್ನೇ.

ಪದ ಸಿಕ್ಕ ಮೇಲೆ ವಿಭಕ್ತಿ ನೋಡ್ಕೊಳ್ಳಿ, ಅರ್ಧ ಜನ ಇಲ್ಲಿ ಜಾರ್ತಾರೆ. ನನ್ನನ್ನು ಹುರಿದುಂಬಿಸಿದ್ರು, ಆದ್ರೆ ನನಗೆ ಪ್ರೋತ್ಸಾಹ ಕೊಟ್ರು, ನನ್ನ ಮೇಲೆ ಒತ್ತಡ ಹೇರಿದ್ರು, ನನ್ನ ವಿರುದ್ಧ ಅವನನ್ನ ಎತ್ತಿಕಟ್ಟಿದ್ರು. ಹಾಗೇ ಯಾರು ಯಾರಿಗೆ ಅನ್ನೋದೂ ಮುಖ್ಯ. ತಾಕೀತು ಮೇಲಿಂದ ಕೆಳಕ್ಕೆ ಮಾತ್ರ, ಮಂತ್ರಿ ಅಧಿಕಾರಿಗೆ ಮಾಡ್ತಾರೆ, ಗುಮಾಸ್ತ ಮಂತ್ರಿಗೆ ತಾಕೀತು ಮಾಡಿದ ಅಂತ ಬರೆದ್ರೆ ಅದು ಬೇರೆ ಸುದ್ದಿ. ಕೆಳಗಿಂದ ಮೇಲಕ್ಕೆ ಆದ್ರೆ ಆಗ್ರಹಿಸು, ಒತ್ತಾಯಿಸು. ನಾಯಿಗೆ ಛೂ ಬಿಡ್ತೀವಿ, ಎತ್ತಿಗೆ ಬಾರುಕೋಲು, ಕಂಬಳದ ಕೋಣಗಳನ್ನ ಓಡಿಸ್ತೀವಿ, ಉತ್ತರ ಕರ್ನಾಟಕದ ಕಡೆ ಬೈಕನ್ನೂ ‘ಗಾಡಿ ಹೊಡಿ’ ಅಂತಾರೆ, ಎತ್ತಿಲ್ದಿದ್ರೂ.

ಒಂದು ಗುಂಡಿ ಇದೆ, ಹುಷಾರು: ಮುಂದೂಡು. ನೋಡೋಕೆ ಮುಂದಕ್ಕೆ ದೂಡು ಅಂತ ಕಾಣ್ಸುತ್ತೆ, ಆದ್ರೆ ‘ಸಾಹೇಬ್ರು ನಮ್ಮ ಫೈಲ್ ಮುಂದೂಡಿದ್ರು’ ಅಂದ್ರೆ ಫೈಲ್ ಕೂತಲ್ಲೇ ಕೂತಿದೆ.

ಎಷ್ಟೋ ಸಲ ಈ ಕ್ರಿಯಾಪದಗಳೇ ಬೇಕಾಗಲ್ಲ. ‘ಅವನು ಬರೆಯುವಂತೆ ಪ್ರೇರೇಪಿಸಿದೆ’ ಅಂತ ಎಳೆಯೋ ಬದ್ಲು ‘ಅವನ ಕೈಲಿ ಬರೆಸಿದೆ’ ಅಂದ್ರೆ ಸಾಕು, ‘ಇಸು’ ಒಳಗೇ ತಳ್ಳೋ ಕೈ ಇದೆ, ಸ್ಕೂಲ್ ವ್ಯಾಕರಣದಲ್ಲಿ ಅದ್ರ ಹೆಸರೇ ಪ್ರೇರಣಾರ್ಥಕ. ಬಾಯಿಮಾತಲ್ಲಾದ್ರೆ ಇನ್ನೂ ಸುಲಭ, ಎರಡು ಸಲ ಹೇಳಿ. ಏಳು ಏಳು, ನಡಿ ನಡಿ. ಬಸ್ ಕಂಡಕ್ಟರ್ ಯಾರನ್ನೂ ಹುರಿದುಂಬಿಸಲ್ಲ, ‘ಮುಂದೆ ಹೋಗಿ ಮುಂದೆ ಹೋಗಿ, ಒಳಗೆ ಖಾಲಿ ಐತೆ’ ಅಂತಾನೆ, ನಾವು ನಂಬದೇ ಇದ್ರೂ ಹೋಗ್ತೀವಿ, ಆಮೇಲೆ ಬಾಗಿಲು ಬಡಿದು ಡ್ರೈವರ್‌ಗೆ ಕೂಗ್ತಾನೆ, ‘ರೈಟ್ ರೈಟ್!’