ನಮ್ಮನೇಲಿ ಇಲ್ಲದ ರಂಜಲು ಮರ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಊರಿನ ಹೆಸರು ಇದರಲ್ಲಿ ಎಲ್ಲೂ ಬರುವುದಿಲ್ಲ. ಶಿರಸಿಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಯಾವ ದಿಕ್ಕಿಗೆ ಅಂತ ಕೇಳಬೇಡಿ. ಮನೆ ವಿಳಾಸ ನೆಟ್ಟಿನಿಂದ ತೆಗೆಸಲು ಎರಡು ವರ್ಷ ಒದ್ದಾಡಿದವಳು ಇಲ್ಲಿ ಅದನ್ನೇ ಬರೆದರೆ ನೀವೇ ನಗುತ್ತೀರಿ.

ಮನೆಯಲ್ಲೇ ಮಾಡಿ ಮಾರುವುದು ನನ್ನ ಕಸುಬು. ಅಪ್ಪೆಮಿಡಿ (ಮಾವಿನ ಮಿಡಿ) ಉಪ್ಪಿನಕಾಯಿ, ಹಲಸಿನ ಹಪ್ಪಳ, ಕೇಳಿದವರಿಗೆ ತೊಡದೇವು ಅನ್ನುವ ತೆಳ್ಳನೆ ಸಿಹಿ. ನಿಮ್ಮಲ್ಲಿ ಸುಮಾರು ಜನರದ್ದು ಇದೇ ಕಸುಬು. ಹಾಗಾಗಿ ವಾಟ್ಸಾಪ್ ಬಿಸಿನೆಸ್, ಕೊರಿಯರ್ ಬುಕಿಂಗ್ ಅಂತೆಲ್ಲ ವಿವರಿಸಲು ಹೋಗುವುದಿಲ್ಲ.

2023ರ ಜುಲೈ. ರಾತ್ರಿ ಎಂಟೂವರೆ ಇರಬೇಕು. ಧೋ ಅಂತ ಮಳೆ, ಕರೆಂಟಿಲ್ಲ. ಇವರು ಹುಬ್ಬಳ್ಳಿಗೆ ಹೋಗಿದ್ದರು. ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಅಂಗಳಕ್ಕೆ ಕಾರಿನ ಲೈಟು ಬಿತ್ತು. ಗುರುತಿಲ್ಲದ ಗಂಡಸು, ಕೈಯಲ್ಲಿ ನಮ್ಮದೇ ಲೇಬಲ್ಲಿನ ಒಡೆದ ಬಾಟಲಿ. ಎರಡು ದಿನದಿಂದ ಮೆಸೇಜಿಗೆ ಉತ್ತರ ಕೊಟ್ಟಿಲ್ಲ, ದುಡ್ಡು ಕೊಡಿ ಅಂದ. ನಮ್ಮಲ್ಲಿ ಆ ಎರಡು ದಿನ ನೆಟ್‌ವರ್ಕೇ ಇರಲಿಲ್ಲ. ಸಾಸಿವೆ ಡಬ್ಬಿಯಲ್ಲಿದ್ದ 740 ರೂಪಾಯಿ ಎಣಿಸಿ ಕೊಟ್ಟೆ. ಮನೆ ಹೇಗೆ ಸಿಕ್ಕಿತು ಅಂತ ಕೇಳಿದ್ದಕ್ಕೆ, 'ನೆಟ್ಟಲ್ಲಿ ಇದೆಯಲ್ಲ, ಮ್ಯಾಪ್ ಸಮೇತ' ಅಂದ. ಅವನು ಹೊರಟ ಮೇಲೂ ಕಾರು ದಣಪೆ (ಬೇಲಿಯ ಗೇಟು) ಹತ್ತಿರ ಅರ್ಧ ಗಂಟೆ ನಿಂತೇ ಇತ್ತು. ಯಾಕೆ ನಿಂತಿತ್ತೋ ಇವತ್ತಿಗೂ ಗೊತ್ತಿಲ್ಲ.

ಊರಲ್ಲಿ ಹೇಳಿದರೆ ಯಾರಿಗೂ ಇದು ದೊಡ್ಡ ವಿಷಯ ಅನಿಸಲಿಲ್ಲ. 'ಹಳ್ಳಿಯಲ್ಲಿ ಎಲ್ಲರ ಮನೆಯೂ ಎಲ್ಲರಿಗೂ ಗೊತ್ತು, ಮುಚ್ಚಿಡೋದೇನು?' ಊರವರಿಗೆ ಗೊತ್ತಿರುವುದು ಬೇರೆ, ಸಿಟ್ಟು ಬಂದವನಿಗೆ ಅರ್ಧ ನಿಮಿಷದಲ್ಲಿ ಸಿಗುವುದು ಬೇರೆ ಅಲ್ವಾ? ಅಮೆರಿಕದ ನ್ಯೂಜೆರ್ಸಿಯಲ್ಲಿ 2020ರ ಜುಲೈನಲ್ಲಿ ಒಬ್ಬ ಕೊರಿಯರ್ ವೇಷ ಹಾಕಿ ಎಸ್ತರ್ ಸಲಾಸ್ ಎಂಬ ನ್ಯಾಯಾಧೀಶೆಯ ಮನೆ ಬಾಗಿಲಿಗೆ ಬಂದು ಅವರ 20 ವರ್ಷದ ಮಗ ಡೇನಿಯಲ್‌ನನ್ನು ಗುಂಡಿಟ್ಟು ಕೊಂದ. ಅದೇ ವರ್ಷ ನ್ಯಾಯಾಧೀಶರ ಮನೆ ವಿಳಾಸ ಬಚ್ಚಿಡಲು ಅಲ್ಲಿ ಹುಡುಗನ ಹೆಸರಲ್ಲೇ ಕಾನೂನು ಬಂತು. ಅದನ್ನು ಓದಿದ ಮೇಲೆ ಪಾರ್ಸೆಲ್ ಹುಡುಗರು ಬಂದಾಗಲೆಲ್ಲ ನಾನು ಕಿಟಕಿಯಿಂದಲೇ ಮಾತಾಡುತ್ತಿದ್ದೆ.

ಮೊದಲ ಪ್ರಯತ್ನ ಪೂರ್ತಿ ದಂಡ. ಬೆಂಗಳೂರಿನ ಏಜೆನ್ಸಿಯೊಂದು ಎಲ್ಲ ಕಡೆಯಿಂದ ವಿಳಾಸ ತೆಗೆಸಿಕೊಡುತ್ತೇವೆ ಅಂತ 4,500 ತಗೊಂಡಿತು. ಎರಡು ತಿಂಗಳಾದ ಮೇಲೆ ಒಂದು ಪಿಡಿಎಫ್ ಕಳಿಸಿದರು. ಅದರ ಮೊದಲ ಪುಟದಲ್ಲೇ ನಮ್ಮ ಮನೆ ವಿಳಾಸ ದಪ್ಪಕ್ಷರದಲ್ಲಿತ್ತು!

ಆಮೇಲೆ ನಾನೇ ಕೂತೆ. ಗೂಗಲ್ 2022ರ ಏಪ್ರಿಲ್‌ನಿಂದ ಮನೆ ವಿಳಾಸ, ಫೋನ್ ನಂಬರ್ ಇರುವ ಫಲಿತಾಂಶ ತೆಗೆಯಲು ಅರ್ಜಿ ತಗೊಳ್ಳುತ್ತದೆ. ಹಾಕಿದೆ. ಒಂಬತ್ತೋ ಹತ್ತೋ ದಿನಕ್ಕೆ ಒಂದು ಹೋಯಿತು. ಆದರೆ ಹುಡುಕಿದಾಗ ಕಾಣುವುದಿಲ್ಲ ಅಷ್ಟೇ, ಮೂಲ ಪುಟ ಇದ್ದಲ್ಲೇ ಇರುತ್ತದೆ. ಅದನ್ನು ನಕಲು ಮಾಡಿದ ಇನ್ನೆರಡು ಪಟ್ಟಿ ಸೈಟುಗಳು (ಅಂಗಡಿಗಳ ವಿಳಾಸ, ನಂಬರ್ ಪಟ್ಟಿ ಮಾಡಿ ಹಾಕುವ ವೆಬ್‌ಸೈಟುಗಳು) ಮುಂದಿನ ತಿಂಗಳು ಮೇಲೆ ಬಂದವು. ಸುವರ್ಣಗಡ್ಡೆ ಇದ್ದಹಾಗೆ, ಒಂದು ಕಿತ್ತರೆ ಪಕ್ಕದಲ್ಲಿ ಎರಡು.

ವಿಳಾಸ ಯಾರಿಂದ ಸೋರುತ್ತಿದೆ, ಬುಡ ಎಲ್ಲಿದೆ ಅಂತ ತಿಳಿಯಬೇಕು ಅನಿಸಿದ್ದು ಆವಾಗ. ಒಂದೊಂದು ಕಂಪನಿಗೆ ನನ್ನ ಹೆಸರಿನ ಇನಿಷಿಯಲ್ ಬದಲಿಸಿ ಕೊಟ್ಟು ನೋಡಿದೆ. ಪೋಸ್ಟ್ ಆಫೀಸಿನಲ್ಲಿ ಐಡಿಗೆ ಹೊಂದುವುದಿಲ್ಲ ಅಂತ ಪಾರ್ಸೆಲ್ ಕೊಡಲಿಲ್ಲ. ಮನೆ ಹೆಸರಿನ ಸ್ಪೆಲ್ಲಿಂಗ್ ಬದಲಿಸಿದೆ. ನಮ್ಮಲ್ಲಿ ಡೋರ್ ನಂಬರ್ ಯಾರೂ ಬಳಸುವುದಿಲ್ಲವಲ್ಲ, ಡೇಟಾ ಎಂಟ್ರಿ ಮಾಡುವವರು ಮನೆ ಹೆಸರನ್ನೇ ಹಾರಿಸಿ ಪಿನ್‌ಕೋಡಿಗೆ ಹೋಗುತ್ತಾರೆ. ಸುಮಾರು ದಿನ ಹೀಗೇ ಹೋಯಿತು.

ಕೊನೆಗೆ ಕೆಲಸಕ್ಕೆ ಬಂದದ್ದು ಲ್ಯಾಂಡ್‌ಮಾರ್ಕ್ ಅನ್ನುವ ಸಾಲು. ದಾರಿ ಹೇಳುವ ಸಾಲನ್ನು ಯಾರೂ ಅಳಿಸುವುದಿಲ್ಲ, ಡೆಲಿವರಿ ಹುಡುಗನಿಗೆ ಅದೇ ಬೇಕು. ಪಟ್ಟಿ ಮಾರುವವನೂ ಅದನ್ನು ಹಾಗೇ ಮಾರುತ್ತಾನೆ. ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಇಲ್ಲದ ಮರ ಕೊಟ್ಟೆ, ಯಾವ ಮರ ವಾಪಸ್ ಬಂತೋ ಸೋರಿದ್ದು ಅವರಿಂದ. ಬಟ್ಟೆ ಆ್ಯಪಿಗೆ ಸುರಗಿ ಮರದ ಎದುರು. ಇನ್ಶೂರೆನ್ಸ್‌ನವರಿಗೆ ವಾಟೆ ಮರದ ಹಿಂದೆ. ಮಿಕ್ಸಿ ವಾರಂಟಿ ಕಾರ್ಡಿಗೆ ರಂಜಲು ಮರದ ಪಕ್ಕ. ಹಳೇ ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಮರ, ತಾರೀಕು, ಯಾರಿಗೆ ಅಂತ ಬರೆದಿಟ್ಟೆ. ಮೂವತ್ತರ ಮೇಲೆ ಮರ ಆದವು. ಇಷ್ಟು ಜಾತಿ ನಮ್ಮ ಬೆಟ್ಟದಲ್ಲೂ ಇಲ್ಲ ಅಂತ ಇವರು ನಕ್ಕಿದ್ದೇ ನಕ್ಕಿದ್ದು.

2024ರ ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ. ಸ್ಟಾಲಿನಲ್ಲಿ ಫ್ರಿಜ್ ಗೆಲ್ಲಿ ಅಂತ ಕೂಪನ್ ಕೊಡುತ್ತಿದ್ದರು. ಬೇಕಂತಲೇ ತುಂಬಿದೆ, ಉಪ್ಪಾಗೆ ಮರ ಅಂತ. ಮೂರು ವಾರದೊಳಗೆ ಮನೆ ಸೈಟು ಮಾರುವವರದ್ದು, ಚಿಟ್ ಫಂಡಿನವರದ್ದು, ಮತ್ಯಾವುದೋ ರಿಸಾರ್ಟಿನವರದ್ದು, ಎಂಟು ಹತ್ತು ಫೋನ್. ಎಲ್ಲರ ಬಾಯಲ್ಲೂ ಉಪ್ಪಾಗೆ! ಫ್ರಿಜ್ ಬರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ನಗುವವರ ಬಾಯಿ ಮುಚ್ಚಿಸಿದ್ದು ಮಾತ್ರ ಅತ್ತೆ. ನಾನು ಶಿರಸಿಗೆ ಹೋದ ದಿನ ಒಂದು ಪಾರ್ಸೆಲ್ ಬಂತಂತೆ, ಕೈಯಲ್ಲಿ ದುಡ್ಡು ಕೊಟ್ಟು ಬಿಡಿಸಿಕೊಳ್ಳುವಂಥದ್ದು. ನಾನೇ ತರಿಸಿದ್ದು ಅಂದುಕೊಂಡು 899 ಕೊಟ್ಟಿದ್ದಾರೆ. ಒಳಗೆ ಎರಡು ಹರಕು ಟವೆಲ್. ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಕನ್ನಡಕ ಹಾಕಿಕೊಂಡು ಚೀಟಿ ಹಿಡಿದು ಬಂದರು. 'ತಂಗೀ, ನಮ್ಮನೇಲಿ ರಂಜಲು ಮರ ಎಲ್ಲಿದ್ದೇ?' ದುಡ್ಡು ಹೋದ ಬೇಜಾರಿಗಿಂತ ನನಗೆ ಖುಷಿಯೇ ಜಾಸ್ತಿ ಆಯಿತು. ಚೀಟಿಯ ಫೋಟೊ, ಮಿಕ್ಸಿ ವಾರಂಟಿ ಕಾರ್ಡಿನ ಫೋಟೊ ಎರಡನ್ನೂ ಅಕ್ಕಪಕ್ಕ ಇಟ್ಟು ಆ ಕಂಪನಿಯ ದೂರು ಅಧಿಕಾರಿಗೆ ಕಳಿಸಿದೆ. ಮೊದಲ ಎರಡು ಮೇಲಿಗೆ ಗೊಡ್ಡು ಉತ್ತರ. ಮೂರನೆಯದಕ್ಕೆ ಅಳಿಸಿದ್ದೇವೆ ಅಂತ ಬರೆದು ಕೊಟ್ಟರು. ಆ ಮೂರನೇ ಮೇಲಿನಲ್ಲಿ ಏನು ಬರೆದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಇನ್ನು ಲೇಬಲ್. ಪ್ಯಾಕೆಟ್ ಮೇಲೆ ತಯಾರಕರ ಹೆಸರು, ಪೂರ್ತಿ ವಿಳಾಸ ಹಾಕಲೇಬೇಕು. ಅಳಿಸುವ ಮಾತೇ ಇಲ್ಲ. ನಮ್ಮ ಖಾಸಗಿ ಮಾಹಿತಿ ಕಾಯುವ 2023ರ ಡಿಜಿಟಲ್ ಡೇಟಾ ಕಾನೂನಿನ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಭಾಗ ಜಾರಿಗೆ ಬರಲು ಮತ್ತೂ 18 ತಿಂಗಳು. ಬಂದರೂ, ನಾವೇ ಸಾರ್ವಜನಿಕವಾಗಿ ಹಾಕಿದ ಮಾಹಿತಿಗೆ, ಕಾನೂನಿನ ಪ್ರಕಾರ ಹಾಕಲೇಬೇಕಾದ ಮಾಹಿತಿಗೆ ಅದು ಅನ್ವಯಿಸುವುದಿಲ್ಲ. ಅಂದರೆ ನಮ್ಮಂಥವರ ಲೇಬಲ್ ಅದರ ಹೊರಗೆ. ಲೇಬಲ್ಲಿನಲ್ಲಿ ವಿಳಾಸ ಹೇಗೂ ಹಾಕಲೇಬೇಕಲ್ಲ ಅಂತ ಶಿರಸಿ ಪೇಟೆಯಲ್ಲಿ ರೂಮು ಹಿಡಿದೆ. ಅಡ್ವಾನ್ಸ್ 20,000, ಬಾಡಿಗೆ 2,200. ಭರಣಿ, ಒರಳು ಸಮೇತ ಕೆಲಸವನ್ನೇ ಅಲ್ಲಿಗೆ ಸಾಗಿಸಿ ಆಹಾರ ರಿಜಿಸ್ಟ್ರೇಷನ್ನಿಗೂ ಅದೇ ವಿಳಾಸ ಕೊಟ್ಟೆ. ಭರಣಿ ಜಾಗ ಬದಲಿಸಿದರೆ ಮಿಡಿ ಮೆತ್ತಗಾಗುತ್ತದೆ ಅಂತ ಅತ್ತೆ ಒಂದು ವಾರ ಮಾತು ಬಿಟ್ಟಿದ್ದರು. ಮೆತ್ತಗಾಗಲಿಲ್ಲ. ಹಳೇ ಲೇಬಲ್ ಮೂರು ಸಾವಿರ ಚಿಲ್ಲರೆ ಬಚ್ಚಲ ಒಲೆಗೆ ಹೋದವು, ಆರೇಳು ಸಾವಿರದ ಮಾಲು.

ಆಮೇಲೆ ಗೂಗಲ್ ಬಿಸಿನೆಸ್ ಪುಟ, ಪಟ್ಟಿ ಸೈಟು, ಎಲ್ಲದರಲ್ಲೂ ರೂಮಿನ ವಿಳಾಸ ಒಂದೇ ಸ್ಪೆಲ್ಲಿಂಗಿನಲ್ಲಿ, ಹೊಸ ನಂಬರ್ ಜೊತೆ. ಹಳೆಯದನ್ನು ಅಳಿಸಿ ಅಂತ ಬೇಡಲಿಲ್ಲ, ವಿಳಾಸ ಬದಲಾಗಿದೆ ಅಂದೆ. ತೆಗೆಯಲು ತಿಂಗಳು ತಗೊಳ್ಳುವವರು ಬದಲಿಸಲು ಎರಡೇ ದಿನ ತಗೊಂಡರು. ಎಂಟೊಂಬತ್ತು ತಿಂಗಳಿಗೆ ಮೊದಲ ನಾಲ್ಕೈದು ಪುಟದಲ್ಲಿ ಮನೆ ಕಾಣದಾಯಿತು. ಮತದಾರರ ಪಟ್ಟಿಯಲ್ಲಿದೆ, ಅದನ್ನು ಏನೂ ಮಾಡಲು ಬರುವುದಿಲ್ಲ.

ಬೀಗುತ್ತಿರುವಾಗಲೇ ಮೈದುನ ಒಂದು ಏಟು ಕೊಟ್ಟ. ಹಪ್ಪಳ ಒಣಗಿಸಿದ ಫೋಟೊ ಚೆಂದ ಬರಲಿ ಅಂತ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸಿದ್ದೆ. ಐದು ನಿಮಿಷಕ್ಕೆ ಮ್ಯಾಪ್ ಪಿನ್ ವಾಪಸ್ ಬಂತು, 'ಅತ್ತಿಗೆ, ಕೊಟ್ಟಿಗೆ ಹಿಂದೆ ನಿಂತು ತೆಗೆದಿರಾ?' ಫೋಟೊ ಅಂತಲೇ ಕಳಿಸಿದರೆ ವಾಟ್ಸಾಪ್ ಅದರೊಳಗೆ ಅಡಗಿರುವ, ತೆಗೆದ ಜಾಗದ ಲೊಕೇಷನ್ ಕಿತ್ತುಹಾಕುತ್ತದೆ, ಡಾಕ್ಯುಮೆಂಟಿನಲ್ಲಿ ಹಾಗೇ ಹೋಗುತ್ತದೆ. ಈಗ ಕ್ಯಾಮೆರಾದಲ್ಲೇ ಲೊಕೇಷನ್ ಬಂದ್. ಇನ್ನೊಂದು, ಮಾಸ್ಕ್ಡ್ ಆಧಾರ್ ಕೊಟ್ಟೆ ಅಂತ ಸಮಾಧಾನ ಪಡಬೇಡಿ. ಅದು ನಂಬರಿನ ಮೊದಲ ಎಂಟು ಅಂಕಿ ಮುಚ್ಚುತ್ತದೆ ಅಷ್ಟೇ, ವಿಳಾಸ ಪೂರ್ತಿ ಇರುತ್ತದೆ. ಎಲ್ಲ ಲೆಕ್ಕ ಹಾಕಿದರೆ, ಬಾಡಿಗೆ, ಅಡ್ವಾನ್ಸ್ ಬಿಟ್ಟು ಹದಿನೈದು ಸಾವಿರದ ಹತ್ತಿರ ಹೋಗಿರಬೇಕು.

ಮೊನ್ನೆ ಭಾನುವಾರ ಸೈಟು ಮಾರುವ ಹುಡುಗನೊಬ್ಬನ ಫೋನ್. 'ಮೇಡಂ, ಉಪ್ಪಾಗೆ ಮರದ ಹತ್ತಿರದ ಮನೆ ಅಲ್ವಾ?' ಜಾತ್ರೆಯ ಕೂಪನ್ ಇನ್ನೂ ಕೈ ಬದಲಿಸುತ್ತಲೇ ಇದೆ. ಆ ಮರ ಮಳೆಗೆ ಬಿತ್ತು ಅಂದೆ. ಅಯ್ಯೋ ಹೌದಾ, ಹಾಗಾದರೆ ಈಗ ಹತ್ತಿರ ಏನಿದೆ ಹೇಳಿ, ಬರಕೊಳ್ಳುತ್ತೇನೆ ಅಂದ. ಲೆಕ್ಕದ ಪುಸ್ತಕ ತೆಗೆದು ನೋಡಿದೆ. ನೇರಳೆ ಖಾಲಿ ಇತ್ತು.