ಲಂಟಾನ ಕಡಿದರೆ ಸಾಲದು, ಬುಡಮೇಲು ಮಾಡಿ

ತೋಟದ ಬೇಲಿಯಂಚಲ್ಲಿ ಲಂಟಾನ ಹಬ್ಬಿದೆಯಾ? ಮಚ್ಚು ತಗೊಂಡು ಸುಮ್ನೆ ಕಡಿಯಬೇಡಿ. ನಾನೂ ಒಂದು ಬೇಸಿಗೆ ಹಾಗೇ ಕಡಿದೆ, ಮಳೆ ಬಿದ್ದಮೇಲೆ ಒಂದೊಂದು ಕೂಳೆಯಿಂದ ಏಳೆಂಟು ಚಿಗುರು! ಬೆಂಕಿ ಹಾಕಿದರೂ ಅದೇ ಕತೆ.

ಹೂದೋಟಕ್ಕೆ ಚೆಂದ ಅಂತ 1800ರ ದಶಕದ ಆರಂಭದಲ್ಲಿ ಬ್ರಿಟಿಷರು ಅಮೆರಿಕ ಖಂಡದ ಈ ಗಿಡವನ್ನು ತಂದರು, ಈಗ ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡಲ್ಲೂ ಹುಲ್ಲಿಗೆ ಜಾಗವಿಲ್ಲ.

ಕಾಯಿ ಕಪ್ಪಾಗುವ ಮೊದಲೇ ಕೆಲಸ ಶುರು ಮಾಡಿ, ಇಲ್ಲದಿದ್ದರೆ ಹಕ್ಕಿಗಳು ತಿಂದು ಊರೆಲ್ಲಾ ಬಿತ್ತುತ್ತವೆ. ಬುಡದ ಮಣ್ಣು ಸರಿಸಿದರೆ ಕಾಂಡ ಮುಗಿದು ಬೇರು ಶುರುವಾಗುವ ಕಡೆ ಒಂದು ಗಂಟು ಕಾಣುತ್ತದೆ, ಚಿಗುರು ಬರೋದು ಅಲ್ಲಿಂದಲೇ. ಅದರ ಕೆಳಗೆ, ಮಣ್ಣಿನಿಂದ 3–5 ಸೆಂಟಿಮೀಟರ್ ಆಳದಲ್ಲಿ, ಗುದ್ದಲಿಯಿಂದ ತಾಯಿಬೇರು ಕತ್ತರಿಸಿ. ಪೊದೆಯನ್ನು ತಲೆಕೆಳಗು ಮಾಡಿ ಒಣಗಲು ಬಿಡಿ, ಬುಡ ಮಣ್ಣಿಗೆ ತಾಗಿದರೆ ಮತ್ತೆ ಬೇರು ಬಿಟ್ಟೀತು. ಮುಳ್ಳಿದೆ, ಕೈಗವಸು ಬೇಕೇ ಬೇಕು. ದನಕರುಗಳಿಗೆ ಸೊಪ್ಪು ವಿಷ, ದೂರವಿಡಿ. ಕಡ್ಡಿ ಎಸೆಯಬೇಡಿ, ಮಲೆಮಹದೇಶ್ವರ ಬೆಟ್ಟದ ಸೋಲಿಗರು ಅದರಲ್ಲೇ ಕುರ್ಚಿ ಮಾಡುತ್ತಾರೆ.

ಜಾಗ ಖಾಲಿ ಬಿಟ್ಟರೆ ಲಂಟಾನವೇ ವಾಪಸ್. ಮೊದಲ ಮಳೆಗೆ ಊರಿನ ಹುಲ್ಲಿನ ಬೀಜ ಎರಚಿ, ನಡುನಡುವೆ ನೆಲ್ಲಿ, ಹೊಂಗೆ ನೆಡಿ. ಎರಡು ಮೂರು ವರ್ಷ ಮಳೆಗಾಲದಲ್ಲಿ ಸಸಿ ಕಂಡಾಗೆಲ್ಲ ಕಿತ್ತುಹಾಕಿ, ಒದ್ದೆ ಮಣ್ಣಲ್ಲಿ ಎರಡೇ ಬೆರಳು ಸಾಕು.